ನಡಿಗೆ, ಓಟ, ಗರಡಿ, ಯೋಗ: ಮನಸ್ಸಿನ ಆರೋಗ್ಯಕ್ಕೆ ಯಾವ ವ್ಯಾಯಾಮವನ್ನು ಆರಿಸಿಕೊಳ್ಳಬೇಕು?

ಆತಂಕ, ಖಿನ್ನತೆ, ನಿದ್ರೆಯ ತೊಂದರೆ, ಕಾರಣ ತಿಳಿಯದ ಕಿರಿಕಿರಿ, ಇವುಗಳಲ್ಲಿ ಯಾವುದನ್ನು ಹೇಳಿಕೊಂಡರೂ "ಸ್ವಲ್ಪ ವ್ಯಾಯಾಮ ಶುರು ಮಾಡಿ" ಎಂಬ ಸಲಹೆ ವೈದ್ಯರಿಂದ ಹಿಡಿದು ಪಕ್ಕದ ಮನೆಯವರವರೆಗೆ ಎಲ್ಲರಿಂದಲೂ ಸಿಗುತ್ತದೆ. ಯಾವ ವ್ಯಾಯಾಮ, ವಾರಕ್ಕೆ ಎಷ್ಟು ಹೊತ್ತು, ಒಬ್ಬರೇ ಮಾಡಬೇಕೋ ಜೊತೆಯವರೊಂದಿಗೋ ಎಂದು ಮುಂದೆ ಕೇಳಿದರೆ ಸಲಹೆ ಅಲ್ಲಿಗೇ ನಿಂತುಬಿಡುತ್ತದೆ, ಇಲ್ಲವೇ ಸಲಹೆ ಕೊಟ್ಟವರು ತಾವು ಮಾಡುತ್ತಿರುವುದನ್ನೇ ಶ್ರೇಷ್ಠವೆಂದು ಹೇಳಿ ಮುಗಿಸುತ್ತಾರೆ. ನಮ್ಮಲ್ಲಿ ವಯಸ್ಕರು ಸಾಮಾನ್ಯವಾಗಿ ಆರಿಸಿಕೊಳ್ಳುವ ನಡಿಗೆ, ಓಟ, ಭಾರ ಎತ್ತುವ ವ್ಯಾಯಾಮ, ಯೋಗ ಮತ್ತು ಗುಂಪಿನ ಆಟಗಳನ್ನು ಇಲ್ಲಿ ಮನಸ್ಸಿನ ಆರೋಗ್ಯವೆಂಬ ಒಂದೇ ದೃಷ್ಟಿಯಿಂದ ಹೋಲಿಸಲಾಗಿದೆ. ತೂಕ ಇಳಿಸುವುದು, ಸಕ್ಕರೆ ಕಾಯಿಲೆ, ರಕ್ತದೊತ್ತಡ ಇತ್ಯಾದಿಗಳನ್ನು ಉದ್ದೇಶಪೂರ್ವಕವಾಗಿಯೇ ಬದಿಗಿಟ್ಟಿದ್ದೇನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಈ ಆಯ್ಕೆಗಳ ಪರಿಣಾಮಗಳ ನಡುವೆ ಇರುವ ಅಂತರ ಚಿಕ್ಕದು. ಎರಡು ತಿಂಗಳಾದ ಮೇಲೂ ಮುಂದುವರಿಯುವ ವ್ಯಾಯಾಮಕ್ಕೂ ಹದಿನೈದು ದಿನಕ್ಕೇ ಕೈಬಿಟ್ಟುಹೋಗುವ ವ್ಯಾಯಾಮಕ್ಕೂ ಇರುವ ಅಂತರ ಬಹಳ ದೊಡ್ಡದು. ಆದ್ದರಿಂದ, ಈಗಿನ ಮನಸ್ಥಿತಿಯಲ್ಲಿ ತನ್ನಿಂದ ಯಾವುದು ಆದೀತು ಮತ್ತು ತನ್ನನ್ನು ಹೆಚ್ಚು ಕಾಡುತ್ತಿರುವ ಲಕ್ಷಣ ಯಾವುದು ಎಂಬ ಎರಡು ಪ್ರಶ್ನೆಗಳಿಂದ ಆಯ್ಕೆ ಶುರುವಾಗಬೇಕು.

ಸಂಶೋಧನೆಗಳಿಂದ ಎಷ್ಟು ತಿಳಿದಿದೆ

ಬೇರೆ ಬೇರೆ ವ್ಯಾಯಾಮಗಳನ್ನು ಅಕ್ಕಪಕ್ಕ ಇಟ್ಟು ನೋಡಿದ ದೊಡ್ಡ ವಿಶ್ಲೇಷಣೆಯೊಂದು 2024ರಲ್ಲಿ ಬಿಎಂಜೆ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಖಿನ್ನತೆ ಇರುವ 14,170 ಜನರು ಪಾಲ್ಗೊಂಡ 218 ಪ್ರಯೋಗಗಳನ್ನು ಅದು ಒಟ್ಟುಗೂಡಿಸಿತು. ಸಾಧಾರಣ ಆರೈಕೆಯಂತಹ ಹೋಲಿಕೆಯ ಗುಂಪುಗಳಿಗೆ ಎದುರಾಗಿ ನಡಿಗೆ ಅಥವಾ ಜಾಗಿಂಗ್‌ನ ಪರಿಣಾಮ 0.62, ಯೋಗದ್ದು 0.55, ಭಾರ ಎತ್ತುವ ವ್ಯಾಯಾಮದ್ದು 0.49 ಎಂದು ಕಂಡುಬಂದಿತು. ಈ ಅಳತೆಗೋಲಿನಲ್ಲಿ 0.2 ಎಂದರೆ ಸಣ್ಣ ಪರಿಣಾಮ, 0.5 ಎಂದರೆ ಮಧ್ಯಮ, 0.8 ಎಂದರೆ ದೊಡ್ಡದು ಎಂದು ಓದುವುದು ರೂಢಿ; ಅಂದರೆ ಮೂರೂ ಹೆಚ್ಚುಕಡಿಮೆ ಮಧ್ಯಮ ಮಟ್ಟದಲ್ಲೇ ಇವೆ. ನೃತ್ಯದ ಅಂಕಿ ಇವೆಲ್ಲಕ್ಕಿಂತ ದೊಡ್ಡದಾಗಿತ್ತು, ಆದರೆ ಅದರ ಹಿಂದೆ ಇದ್ದ ಪ್ರಯೋಗಗಳು ಬೆರಳೆಣಿಕೆಯಷ್ಟು. ಇದಲ್ಲದೆ ವ್ಯಾಯಾಮ ಬಿರುಸಾದಷ್ಟೂ ಪರಿಣಾಮ ಹೆಚ್ಚು ಎಂಬುದೂ ಅಲ್ಲಿ ಕಂಡಿತು.

ಈ ಅಂಕಿಗಳನ್ನು ಅತಿಯಾಗಿ ನಂಬಬಾರದು ಎಂದು ಆ ಸಂಶೋಧಕರೇ ಎಚ್ಚರಿಸಿದ್ದಾರೆ. ಮಾತ್ರೆಯ ಪ್ರಯೋಗದಲ್ಲಿ ಯಾರಿಗೆ ನಿಜವಾದ ಔಷಧಿ, ಯಾರಿಗೆ ಸಪ್ಪೆ ಮಾತ್ರೆ ಎಂಬುದನ್ನು ಮುಚ್ಚಿಡಬಹುದು; ಓಡುತ್ತಿರುವವನಿಗೆ ತಾನು ಓಡುತ್ತಿದ್ದೇನೆ ಎಂಬುದನ್ನು ಮುಚ್ಚಿಡಲು ಸಾಧ್ಯವಿಲ್ಲ. ಒಳ್ಳೆಯದಾಗುತ್ತದೆ ಎಂಬ ನಿರೀಕ್ಷೆಯೇ ಸ್ವಲ್ಪ ಒಳ್ಳೆಯದನ್ನು ಮಾಡುತ್ತದೆ. ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯ 2013ರ ವಿಮರ್ಶೆಯಲ್ಲಿ ಎಲ್ಲ ಪ್ರಯೋಗಗಳನ್ನೂ ಸೇರಿಸಿದಾಗ ಮಧ್ಯಮ ಪರಿಣಾಮ ಕಂಡಿದ್ದು, ಅತ್ಯಂತ ಕಟ್ಟುನಿಟ್ಟಾಗಿ ನಡೆದ ಕೆಲವೇ ಪ್ರಯೋಗಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡಾಗ ಅದು ಸಾಕಷ್ಟು ಕುಗ್ಗಿತು. ಹೀಗಾಗಿ 0.62 ದೊಡ್ಡದೋ 0.55 ದೊಡ್ಡದೋ ಎಂಬ ಲೆಕ್ಕಾಚಾರದ ಮೇಲೆ ನಡಿಗೆಯನ್ನು ಹಿಡಿದು ಯೋಗವನ್ನು ಬಿಡುವುದರಲ್ಲಿ ಅರ್ಥವಿಲ್ಲ.

ಕಾಯಿಲೆ ಬರದಂತೆ ತಡೆಯುವ ವಿಷಯದಲ್ಲಿ ಚಿತ್ರ ಇನ್ನಷ್ಟು ಸ್ಪಷ್ಟವಾಗಿದೆ. ಸುಮಾರು 1,91,000 ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿದ 15 ಅಧ್ಯಯನಗಳನ್ನು 2022ರಲ್ಲಿ ಒಟ್ಟಿಗೆ ವಿಶ್ಲೇಷಿಸಿದಾಗ, ವಾರಕ್ಕೆ ಎರಡೂವರೆ ಗಂಟೆಯ ಬಿರುಸು ನಡಿಗೆಗೆ ಸಮನಾದ ಚಟುವಟಿಕೆ ಇದ್ದವರಲ್ಲಿ ಖಿನ್ನತೆಯ ಅಪಾಯ ಶೇ. 25ರಷ್ಟು, ಅದರ ಅರ್ಧದಷ್ಟೇ ಇದ್ದವರಲ್ಲೂ ಶೇ. 18ರಷ್ಟು ಕಡಿಮೆ ಇತ್ತು. ಲಾಭದ ಬಹುಪಾಲು ಮೊದಲ ಅರ್ಧದಲ್ಲೇ ಸಿಕ್ಕಿಬಿಡುತ್ತದೆ ಎಂಬುದು ಗಮನಿಸಬೇಕಾದ ಸಂಗತಿ. ಖಿನ್ನತೆಯ ಆರಂಭದಲ್ಲಿರುವವರು ತಾವಾಗಿಯೇ ಓಡಾಟ ಕಡಿಮೆ ಮಾಡುತ್ತಾರಾದ್ದರಿಂದ ಇಂತಹ ಅಧ್ಯಯನಗಳಲ್ಲಿ ಕಾರಣ ಯಾವುದು, ಫಲ ಯಾವುದು ಎಂಬುದು ಸ್ವಲ್ಪ ಕಲಸಿಹೋಗಿರುತ್ತದೆ ಎಂಬುದನ್ನೂ ನೆನಪಿನಲ್ಲಿಡಬೇಕು.

ಮನೆಗೆಲಸ, ಹೊಲದ ಕೆಲಸ ಲೆಕ್ಕಕ್ಕೆ ಬರುತ್ತದೆಯೇ?

"ಬೆಳಗಿನಿಂದ ರಾತ್ರಿಯವರೆಗೆ ದುಡಿಯುತ್ತಲೇ ಇರುತ್ತೇನೆ, ಮತ್ತೆ ಪ್ರತ್ಯೇಕ ವ್ಯಾಯಾಮ ಯಾಕೆ?" ಎಂದು ಕೇಳುವವರಲ್ಲಿ ಹೆಂಗಸರೇ ಹೆಚ್ಚು, ಮತ್ತು ಪ್ರಶ್ನೆ ನ್ಯಾಯವಾದದ್ದೇ. ದೇಹಕ್ಕೆ ಆ ದುಡಿಮೆ ಖಂಡಿತ ಲೆಕ್ಕಕ್ಕೆ ಬರುತ್ತದೆ. ಮನಸ್ಸಿನ ಮಟ್ಟಿಗೆ ಹಾಗೆ ಹೇಳುವುದು ಕಷ್ಟ: ಬಿಡುವಿನ ವೇಳೆಯಲ್ಲಿ ಇಷ್ಟಪಟ್ಟು ಮಾಡುವ ಚಟುವಟಿಕೆಗೂ ಉತ್ತಮ ಮಾನಸಿಕ ಆರೋಗ್ಯಕ್ಕೂ ಸಂಬಂಧ ಕಂಡುಬಂದಿರುವಷ್ಟು ಸ್ಪಷ್ಟವಾಗಿ ಮನೆಗೆಲಸ ಅಥವಾ ಕೂಲಿ ದುಡಿಮೆಯ ವಿಷಯದಲ್ಲಿ ಕಂಡುಬಂದಿಲ್ಲ. ಪಾತ್ರೆ ತಿಕ್ಕುವಾಗ, ಕಟ್ಟಡದ ಕೆಲಸದಲ್ಲಿ ಇಟ್ಟಿಗೆ ಹೊರುವಾಗ ಮೈ ದಣಿಯುತ್ತದೆ. ಆದರೆ ಆ ಹೊತ್ತು ನಮ್ಮದಾಗಿರುವುದಿಲ್ಲ, ಅದರ ವೇಗವನ್ನು ನಾವು ನಿರ್ಧರಿಸುವುದಿಲ್ಲ, ಜೊತೆಗೆ ಚಿಂತೆ ತಲೆಯೊಳಗೆ ಅಡ್ಡಿಯಿಲ್ಲದೆ ಓಡುತ್ತಲೇ ಇರುತ್ತದೆ.

ಭಾರತದ ಅಂಕಿ ಅಂಶಗಳಲ್ಲಿ ಇದರ ನೆರಳು ಕಾಣುತ್ತದೆ. 2014ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯಲ್ಲಿ, ಬಿಡುವಿನ ವೇಳೆಯ ದೈಹಿಕ ಚಟುವಟಿಕೆ ಇದ್ದವರು ಶೇ. 10ಕ್ಕಿಂತ ಕಡಿಮೆ. ಇಡೀ ದಿನ ದುಡಿಯುವ ಗೃಹಿಣಿಗೆ ದೊರೆಯಬೇಕಾದದ್ದು ಇನ್ನಷ್ಟು ದಣಿವಲ್ಲ. ಮನೆಯಿಂದ ಹೊರಗೆ, ಯಾರ ಕೆಲಸಕ್ಕೂ ಅಲ್ಲದೆ ತನಗಾಗಿಯೇ ನಡೆಯುವ ಅರ್ಧ ಗಂಟೆ. ಅದನ್ನು ಬಿಟ್ಟುಕೊಡುವ ಹೊಣೆ ಮನೆಯ ಉಳಿದವರದ್ದೂ ಹೌದು.

ನಡಿಗೆ

ಖಿನ್ನತೆಯಲ್ಲಿರುವವರಿಗೆ ಮೊದಲ ಆಯ್ಕೆಯಾಗಿ ನಾನು ನಡಿಗೆಯನ್ನೇ ಸೂಚಿಸುತ್ತೇನೆ. ಖರ್ಚಿಲ್ಲ, ಕಲಿಯಬೇಕಾದದ್ದಿಲ್ಲ, ಬಟ್ಟೆ ಬದಲಿಸದೆಯೂ ಹೊರಡಬಹುದು ಎಂಬ ಕಾರಣಗಳೆಲ್ಲ ಗೊತ್ತಿರುವವೇ. ಇವುಗಳಿಗಿಂತ ಮುಖ್ಯವಾದದ್ದು ಬೇರೆ ಇದೆ. ಖಿನ್ನತೆಯಲ್ಲಿ ಉತ್ಸಾಹ ಬಂದ ಮೇಲೆ ಕೆಲಸ ಶುರು ಮಾಡೋಣ ಎಂದು ಕಾಯುತ್ತಾ ಕೂತರೆ ಆ ಉತ್ಸಾಹ ಬರುವುದೇ ಇಲ್ಲ. ಮೊದಲು ಕಾಲು ಹೊರಡಬೇಕು, ಮನಸ್ಸು ಹಿಂದಿನಿಂದ ಬರುತ್ತದೆ. ಮನೋಚಿಕಿತ್ಸೆಯಲ್ಲಿ ಇದನ್ನೇ ಕ್ರಮಬದ್ಧವಾಗಿ ಬಳಸುತ್ತಾರೆ. ಹತ್ತು ನಿಮಿಷದ ನಡಿಗೆಯಷ್ಟು ಚಿಕ್ಕದಾಗಿ ಆರಂಭಿಸಬಹುದಾದ ಇನ್ನೊಂದು ವ್ಯಾಯಾಮ ಸಿಗುವುದು ಕಷ್ಟ.

ಆದರೆ ಅಡ್ಡಾಡುವುದಕ್ಕೂ ಬಿರುಸಾಗಿ ನಡೆಯುವುದಕ್ಕೂ ವ್ಯತ್ಯಾಸವಿದೆ. ಮಾತನಾಡಲು ಸಾಧ್ಯವಾಗಬೇಕು, ಹಾಡಲು ಉಸಿರು ಸಾಲಬಾರದು. ಅದು ಮಧ್ಯಮ ತೀವ್ರತೆಯ ಗುರುತು. ಹೆಚ್ಚಿನವರಿಗೆ ಇದು ಗಂಟೆಗೆ ಐದಾರು ಕಿಲೋಮೀಟರ್ ವೇಗ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಾರಕ್ಕೆ ಇಂತಹ 150ರಿಂದ 300 ನಿಮಿಷಗಳನ್ನು, ಇಲ್ಲವೇ 75ರಿಂದ 150 ನಿಮಿಷಗಳ ತೀವ್ರ ವ್ಯಾಯಾಮವನ್ನು ವಯಸ್ಕರಿಗೆ ಸೂಚಿಸುತ್ತದೆ. ಫೋನಿನಲ್ಲಿ ಆಫೀಸಿನ ಜಗಳ ಮುಂದುವರಿಸುತ್ತಾ ಪಾರ್ಕಿನಲ್ಲಿ ಸುತ್ತುವುದನ್ನು ಈ ಲೆಕ್ಕಕ್ಕೆ ಸೇರಿಸದಿರುವುದೇ ವಾಸಿ.

ಎಲ್ಲಿ ನಡೆಯುತ್ತೀರಿ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2015ರಲ್ಲಿ ಪ್ರಕಟಿಸಿದ ಒಂದು ಸಣ್ಣ ಪ್ರಯೋಗದಲ್ಲಿ, ಹಸಿರಿನ ನಡುವೆ 90 ನಿಮಿಷ ನಡೆದವರಲ್ಲಿ ಹಳೆಯ ನೋವನ್ನೇ ಮೆಲುಕು ಹಾಕುವ ಪ್ರವೃತ್ತಿ ತಗ್ಗಿತು. ವಾಹನಗಳಿಂದ ಗಿಜಿಗುಡುವ ರಸ್ತೆಯ ಪಕ್ಕ ಅಷ್ಟೇ ಹೊತ್ತು ನಡೆದವರಲ್ಲಿ ತಗ್ಗಲಿಲ್ಲ. ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿ, ಬೆಂಗಳೂರಿನ ಲಾಲ್‌ಬಾಗ್ ಅಥವಾ ಕಬ್ಬನ್ ಪಾರ್ಕ್ ಹತ್ತಿರವಿರುವವರು ಪುಣ್ಯವಂತರು. ಅವು ದೂರವಾದರೆ, ದೊಡ್ಡ ರಸ್ತೆಯನ್ನು ಬಿಟ್ಟು ಮರಗಳಿರುವ ಒಳರಸ್ತೆಗಳಲ್ಲಿ ದಾರಿ ಹುಡುಕಿಕೊಳ್ಳಬಹುದು.

ಓಟ

ಓಟವು ನಡಿಗೆಗಿಂತ ಕಡಿಮೆ ಸಮಯದಲ್ಲಿ ಹೆಚ್ಚು ಫಲ ಕೊಡುತ್ತದೆ, ಹಾಗೆಯೇ ನಡಿಗೆಗಿಂತ ಬೇಗ ಕೈಬಿಟ್ಟುಹೋಗುತ್ತದೆ. ಓಟದ ಫಲಕ್ಕೂ ಅದು ಕೈಬಿಟ್ಟುಹೋಗುವುದಕ್ಕೂ ಒಳ್ಳೆಯ ಸಾಕ್ಷ್ಯ ಆಮ್‌ಸ್ಟರ್‌ಡ್ಯಾಮಿನಿಂದ 2023ರಲ್ಲಿ ಪ್ರಕಟವಾದ ಒಂದು ಅಧ್ಯಯನ. ಖಿನ್ನತೆ ಅಥವಾ ಆತಂಕದ ಕಾಯಿಲೆ ಇದ್ದ 141 ಜನರಿಗೆ ಖಿನ್ನತೆಯ ಮಾತ್ರೆ ಮತ್ತು 16 ವಾರಗಳ ಗುಂಪು ಓಟ, ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳಲು ಅವಕಾಶ ನೀಡಲಾಗಿ, ಬಹುಪಾಲು ಜನ ಓಟವನ್ನೇ ಆರಿಸಿಕೊಂಡರು. ಕೊನೆಯಲ್ಲಿ ಎರಡೂ ಗುಂಪುಗಳಲ್ಲಿ ಸುಮಾರು ಶೇ. 44ರಷ್ಟು ಜನ ಚೇತರಿಸಿಕೊಂಡಿದ್ದರು. ತೂಕ, ರಕ್ತದೊತ್ತಡ, ಹೃದಯದ ಬಡಿತಗಳ ವಿಷಯದಲ್ಲಿ ಓಡಿದವರ ಸ್ಥಿತಿಯೇ ಮೇಲಾಗಿತ್ತು. ಆದರೆ ನಿಗದಿಯಾದಂತೆ ಮಾತ್ರೆ ನುಂಗಿದವರು ಶೇ. 82 ಇದ್ದರೆ, ನಿಗದಿಯಾದಂತೆ ಓಡಿದವರು ಶೇ. 52 ಮಾತ್ರ. ತಾವೇ ಇಷ್ಟಪಟ್ಟು ಆರಿಸಿಕೊಂಡವರ ಕತೆಯೇ ಇದಾದರೆ, ವೈದ್ಯರ ಒತ್ತಾಯಕ್ಕೆ ಶೂ ಕೊಂಡವರ ಕತೆಯನ್ನು ಊಹಿಸಿಕೊಳ್ಳಬಹುದು.

ಓಡಿದ ಮೇಲೆ ಬರುವ ಹಗುರತನಕ್ಕೆ ನೋವು ತಗ್ಗಿಸುವ ಎಂಡಾರ್ಫಿನ್ ಎಂಬ ರಾಸಾಯನಿಕ ಕಾರಣವೆಂದು ಎಲ್ಲೆಡೆ ಓದುತ್ತೇವೆ. ಜರ್ಮನಿಯ ಸಂಶೋಧಕರು ಎಂಡಾರ್ಫಿನ್ ಕೆಲಸ ಮಾಡುವ ಗ್ರಾಹಕಗಳನ್ನು ಔಷಧಿಯಿಂದ ತಡೆದು ಓಡಿಸಿದಾಗಲೂ ಆ ಹಗುರತನ ಹೋಗಲಿಲ್ಲ. ದೇಹವೇ ತಯಾರಿಸುವ, ಗಾಂಜಾದ ಅಂಶವನ್ನು ಹೋಲುವ ಎಂಡೋಕ್ಯಾನಬಿನಾಯ್ಡ್ ಎಂಬ ರಾಸಾಯನಿಕಗಳ ಮೇಲೆ ಈಗ ಹೆಚ್ಚಿನ ಗಮನವಿದೆ. ಅದೇನೇ ಇರಲಿ, ಆ ಹಗುರತನ ಮೊದಲ ವಾರಗಳಲ್ಲಿ ಸಿಗುವುದಿಲ್ಲ. ಆಗ ಸಿಗುವುದು ಏದುಸಿರು ಮತ್ತು ಮೀನಖಂಡದ ನೋವು. ಆದ್ದರಿಂದ ನಡಿಗೆಯ ನಡುನಡುವೆ ಒಂದೊಂದು ನಿಮಿಷ ಓಡುತ್ತಾ ನಿಧಾನವಾಗಿ ಓಟಕ್ಕೆ ಹೊರಳುವುದು ಸರಿಯಾದ ಕ್ರಮ.

ಪ್ಯಾನಿಕ್, ಅಂದರೆ ಇದ್ದಕ್ಕಿದ್ದಂತೆ ಉಕ್ಕುವ ತೀವ್ರ ಗಾಬರಿ, ಬರುವವರಿಗೆ ಇಲ್ಲಿ ವಿಶೇಷ ಎಚ್ಚರ ಬೇಕು. ಏರಿದ ಎದೆಬಡಿತ, ಬೆವರು, ಉಸಿರಾಟ ಇವೆಲ್ಲ ಪ್ಯಾನಿಕ್‌ನ ಲಕ್ಷಣಗಳನ್ನೇ ಹೋಲುವುದರಿಂದ ಮೊದಲ ಓಟವೇ ಗಾಬರಿ ಹುಟ್ಟಿಸಬಹುದು. ನಿಧಾನವಾಗಿ ಅಭ್ಯಾಸವಾದರೆ, ಎದೆ ಜೋರಾಗಿ ಬಡಿದರೂ ಏನೂ ಆಗುವುದಿಲ್ಲ ಎಂಬುದನ್ನು ದೇಹವೇ ಮನಸ್ಸಿಗೆ ಕಲಿಸುತ್ತದೆ. ಆತಂಕದ ಚಿಕಿತ್ಸೆಗೆ ಇದು ನೇರವಾಗಿ ಉಪಯೋಗಕ್ಕೆ ಬರುವ ಪಾಠ.

ಭಾರ ಎತ್ತುವ ವ್ಯಾಯಾಮ

ಜಿಮ್ ಎಂದರೆ ಹುಡುಗರು ಮೈಕಟ್ಟಿಗಾಗಿ ಹೋಗುವ ಜಾಗ ಎಂಬ ಭಾವನೆಯಿಂದಾಗಿ ಈ ಆಯ್ಕೆಗೆ ಸಿಗಬೇಕಾದ ಗೌರವ ಸಿಕ್ಕಿಲ್ಲ. 1,877 ಜನರು ಪಾಲ್ಗೊಂಡ 33 ಪ್ರಯೋಗಗಳನ್ನು 2018ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಭಾರ ಎತ್ತುವ ವ್ಯಾಯಾಮದಿಂದ ಖಿನ್ನತೆಯ ಲಕ್ಷಣಗಳು ತಗ್ಗುತ್ತವೆ ಎಂಬುದಷ್ಟೇ ಅಲ್ಲ, ಸ್ನಾಯುಗಳ ಬಲ ಎಷ್ಟು ಹೆಚ್ಚಿತು ಎಂಬುದಕ್ಕೂ ಈ ತಗ್ಗುವಿಕೆಗೂ ಸಂಬಂಧವಿಲ್ಲ ಎಂಬುದೂ ಕಂಡುಬಂದಿತು. ಬಲ ಹೆಚ್ಚದಿದ್ದರೂ ಮನಸ್ಸಿಗೆ ಲಾಭವಾಗುತ್ತದೆ ಎಂದಾಯಿತು.

ಮೇಲೆ ಹೇಳಿದ 2024ರ ವಿಶ್ಲೇಷಣೆಯ ಒಂದು ಅಂಶ ಇಲ್ಲಿ ಸ್ವಾರಸ್ಯಕರ. ಭಾರ ಎತ್ತುವುದು ಹೆಂಗಸರಿಗೂ ಕಿರಿಯರಿಗೂ, ಯೋಗವು ಗಂಡಸರಿಗೂ ಹಿರಿಯರಿಗೂ ಹೆಚ್ಚು ಫಲ ಕೊಟ್ಟಂತೆ ಅಲ್ಲಿ ಕಂಡಿತು. ನಮ್ಮ ಬಡಾವಣೆಗಳಲ್ಲಿ ಗಂಡಸರು ಜಿಮ್ಮಿಗೂ ಹೆಂಗಸರು ಯೋಗ ತರಗತಿಗೂ ಹೋಗುವ ರೂಢಿಗೆ ಇದು ನೇರ ವಿರುದ್ಧ. ಸಾಕ್ಷ್ಯ ಗಟ್ಟಿಯಿಲ್ಲದ ಕಾರಣ ಯಾರೂ ಸದಸ್ಯತ್ವವನ್ನು ಅದಲುಬದಲು ಮಾಡಿಕೊಳ್ಳಬೇಕಾಗಿಲ್ಲ; ರೂಢಿಯನ್ನೇ ನಿಯಮವೆಂದು ತಿಳಿಯಬೇಕಾಗಿಲ್ಲ ಎಂಬಷ್ಟನ್ನು ಇದರಿಂದ ಗ್ರಹಿಸಿದರೆ ಸಾಕು. ಆ ವಿಶ್ಲೇಷಣೆಯಲ್ಲಿ ಜನ ಅತಿ ಕಡಿಮೆ ಕೈಬಿಟ್ಟ ವ್ಯಾಯಾಮಗಳೂ ಇವೇ ಎರಡು.

ಜಿಮ್ ಶುಲ್ಕ ಕಟ್ಟಲಾಗದವರಿಗೆ ನಮ್ಮ ಗರಡಿಮನೆಗಳ ದಂಡ ಮತ್ತು ಬಸ್ಕಿ ಇವೆ. ತೊಡೆ, ಎದೆ, ಭುಜ, ಬೆನ್ನು ಎಲ್ಲಕ್ಕೂ ಕೆಲಸ ಕೊಡುವ ಇವಕ್ಕೆ ಒಂದು ಚಾಪೆಯಷ್ಟು ಜಾಗ ಸಾಕು. ವಾರಕ್ಕೆ ಎರಡು ದಿನ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಕನಿಷ್ಠ ಸೂಚನೆ. ಮಂಡಿನೋವು ಇರುವವರು ಪೂರ್ತಿ ಕೂರುವ ಬಸ್ಕಿಯ ಬದಲು ಕುರ್ಚಿಯಿಂದ ಎದ್ದು ಕೂರುವುದರಿಂದ ಆರಂಭಿಸಬಹುದು.

ಯೋಗ

ಯೋಗದ ವಿಷಯದಲ್ಲಿ ಕರ್ನಾಟಕಕ್ಕೆ ಮಾತನಾಡುವ ಹಕ್ಕಿದೆ. 1930ರ ದಶಕದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಟಿ. ಕೃಷ್ಣಮಾಚಾರ್ಯರು ಕಲಿಸಿದ ಆಸನಗಳ ಪರಂಪರೆಯೇ ಇಂದು ಜಗತ್ತಿನ ನಗರಗಳಲ್ಲಿ ನಡೆಯುವ ತರಗತಿಗಳ ಮುಖ್ಯ ಬೇರುಗಳಲ್ಲಿ ಒಂದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ದಶಕಗಳಿಂದ ಯೋಗವನ್ನು ಮನೋವೈದ್ಯಕೀಯದ ಅಳತೆಗೋಲಿನಿಂದ ಪರೀಕ್ಷಿಸುವ ಕೆಲಸ ನಡೆದಿದೆ. 2000ರಲ್ಲಿ ಪ್ರಕಟವಾದ ಅಲ್ಲಿನ ಒಂದು ಅಧ್ಯಯನದಲ್ಲಿ ತೀವ್ರ ಖಿನ್ನತೆಯಿಂದ ಆಸ್ಪತ್ರೆಯಲ್ಲಿದ್ದ 45 ರೋಗಿಗಳನ್ನು ಮೂರು ಗುಂಪುಗಳಾಗಿ ಮಾಡಿ, ನಾಲ್ಕು ವಾರಗಳ ಕಾಲ ಒಂದಕ್ಕೆ ವಿದ್ಯುತ್ ಚಿಕಿತ್ಸೆ, ಇನ್ನೊಂದಕ್ಕೆ ಖಿನ್ನತೆಗೆ ಕೊಡುವ ಇಮಿಪ್ರಮಿನ್ ಮಾತ್ರೆ, ಮತ್ತೊಂದಕ್ಕೆ ಸುದರ್ಶನ ಕ್ರಿಯೆಯ ಉಸಿರಾಟದ ಅಭ್ಯಾಸ ನೀಡಲಾಯಿತು. ಚೇತರಿಕೆ ಕ್ರಮವಾಗಿ ಶೇ. 93, 73 ಮತ್ತು 67. ಉಸಿರಾಟದ ಅಭ್ಯಾಸ ಮಾತ್ರೆಯ ಸಮೀಪಕ್ಕೆ ಬಂದದ್ದು ಗಮನಾರ್ಹ. ಗುಂಪಿಗೆ ಹದಿನೈದೇ ಜನ ಎಂಬುದನ್ನು ಮರೆಯಬಾರದು, ವಿದ್ಯುತ್ ಚಿಕಿತ್ಸೆಯೇ ಎಲ್ಲಕ್ಕಿಂತ ಮುಂದಿತ್ತು ಎಂಬುದನ್ನೂ.

ಆತಂಕಕ್ಕೆ ಯೋಗವೇ ಮದ್ದು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಸದಾ ಚಿಂತೆ ಕಾಡುವ ಆತಂಕದ ಕಾಯಿಲೆ ಇದ್ದ 226 ವಯಸ್ಕರ ಮೇಲೆ ಅಮೆರಿಕದಲ್ಲಿ ನಡೆದ ಪ್ರಯೋಗದಲ್ಲಿ, 12 ವಾರಗಳ ಕುಂಡಲಿನಿ ಯೋಗದಿಂದ ಶೇ. 54 ಜನರಿಗೆ ಗುಣ ಕಂಡಿತು. ಒತ್ತಡದ ಬಗ್ಗೆ ಕೇವಲ ತಿಳಿವಳಿಕೆ ನೀಡಿದ ಗುಂಪಿನಲ್ಲಿ ಇದು ಶೇ. 33. ಆದರೆ ಆಲೋಚನೆ ಮತ್ತು ವರ್ತನೆಯನ್ನು ತಿದ್ದುವ ಮನೋಚಿಕಿತ್ಸೆ ಪಡೆದವರಲ್ಲಿ ಶೇ. 71. ಯೋಗ ಕೆಲಸ ಮಾಡುತ್ತದೆ, ಆದರೆ ಒಳ್ಳೆಯ ಮನೋಚಿಕಿತ್ಸೆಯಷ್ಟು ಮಾಡುವುದಿಲ್ಲ ಎಂದು ಇದನ್ನು ನಾನು ಓದುತ್ತೇನೆ.

ಇನ್ನೊಂದು ಮಿತಿಯನ್ನೂ ಹೇಳಬೇಕು. ನಿಧಾನವಾಗಿ ಮಾಡುವ ಆಸನಗಳು, ಪ್ರಾಣಾಯಾಮ, ಶವಾಸನ ಇವು ಶ್ರಮದ ದೃಷ್ಟಿಯಿಂದ ಲಘು ಚಟುವಟಿಕೆಗಳು. ವಾರದ 150 ನಿಮಿಷಗಳ ಲೆಕ್ಕವನ್ನು ಇವುಗಳಿಂದ ಮಾತ್ರ ತುಂಬಿಸಲಾಗದು. ಚುರುಕಾಗಿ ಮಾಡುವ ಸೂರ್ಯನಮಸ್ಕಾರವನ್ನು ಮಾತ್ರ ಆ ಲೆಕ್ಕಕ್ಕೆ ಸೇರಿಸಬಹುದು. ಯೋಗವನ್ನು ಆರಿಸಿಕೊಂಡವರು ವಾರಕ್ಕೆ ಒಂದೆರಡು ದಿನ ನಡಿಗೆಯನ್ನು ಸೇರಿಸಿಕೊಂಡರೆ ಒಳಿತು.

ಗುಂಪಿನ ಆಟ, ನೃತ್ಯ, ಈಜು, ಸೈಕಲ್

ಅಮೆರಿಕದ 12 ಲಕ್ಷ ವಯಸ್ಕರ ಸಮೀಕ್ಷೆಯ ಆಧಾರದ ಮೇಲೆ 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ತಂಡವಾಗಿ ಆಡುವ ಆಟಗಳು ಮತ್ತು ಸೈಕಲ್ ಸವಾರಿ ಮುಂಚೂಣಿಯಲ್ಲಿದ್ದವು. ವಾರಕ್ಕೆ ಮೂರರಿಂದ ಐದು ಬಾರಿ, ಪ್ರತಿ ಬಾರಿ 45 ನಿಮಿಷದ ಆಸುಪಾಸಿನಲ್ಲಿ ವ್ಯಾಯಾಮ ಮಾಡುವವರ ಮನಸ್ಸಿನ ಸ್ಥಿತಿ ಅತ್ಯುತ್ತಮವಾಗಿದ್ದು, ದಿನಕ್ಕೆ ಮೂರು ಗಂಟೆ ಮೀರಿದವರ ಸ್ಥಿತಿ ಏನೂ ಮಾಡದವರಿಗಿಂತ ಕೆಟ್ಟದಾಗಿತ್ತು. ಒಂಟಿತನ ಮುಖ್ಯ ತೊಂದರೆಯಾಗಿರುವವರಿಗೆ ಷಟಲ್ ಕೋರ್ಟ್, ವಾಲಿಬಾಲ್ ಅಂಗಳ, ಕೋಲಾಟ ಅಥವಾ ಜುಂಬಾ ತರಗತಿ ಯಾವ ಟ್ರೆಡ್‌ಮಿಲ್‌ಗಿಂತಲೂ ಮೇಲು: ನೀವು ಬಾರದಿದ್ದರೆ "ಯಾಕೆ ಬರಲಿಲ್ಲ?" ಎಂದು ಕೇಳುವವರು ಅಲ್ಲಿ ಇರುತ್ತಾರೆ. ಈಜು ಮಂಡಿನೋವಿನವರಿಗೆ ಅನುಕೂಲ. ಕೊಳ ಹತ್ತಿರವಿಲ್ಲದಿದ್ದರೆ ಆ ಮಾತು ಅಲ್ಲಿಗೇ ಮುಗಿಯಿತು.

ಮಾತ್ರೆಯೋ ವ್ಯಾಯಾಮವೋ?

ಈ ಎರಡನ್ನು ಎದುರುಬದುರು ನಿಲ್ಲಿಸುವುದೇ ನನಗೆ ಒಪ್ಪಿಗೆಯಿಲ್ಲ. ಡ್ಯೂಕ್ ವಿಶ್ವವಿದ್ಯಾಲಯದಲ್ಲಿ 50 ದಾಟಿದ 156 ಮಂದಿಯ ಮೇಲೆ ನಡೆದು 1999ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ವ್ಯಾಯಾಮ, ಖಿನ್ನತೆಗೆ ಕೊಡುವ ಸರ್ಟ್ರಲಿನ್ ಮಾತ್ರೆ, ಎರಡೂ ಸೇರಿದ ಚಿಕಿತ್ಸೆ ಮೂರೂ 16 ವಾರಗಳ ಕೊನೆಗೆ ಸಮಸಮವಾಗಿದ್ದವು. ಆದರೆ ಮಾತ್ರೆ ತೆಗೆದುಕೊಂಡವರಲ್ಲಿ ಚೇತರಿಕೆ ಬೇಗ ಶುರುವಾಯಿತು. ಸೌಮ್ಯ ಖಿನ್ನತೆಯಲ್ಲಿ ವ್ಯಾಯಾಮದಿಂದ ಆರಂಭಿಸಿ ಕಾದು ನೋಡಬಹುದು. ಊಟ, ನಿದ್ರೆ, ಕೆಲಸ ಎಲ್ಲ ಏರುಪೇರಾಗಿದ್ದರೆ, ಸಾಯುವ ಆಲೋಚನೆಗಳು ಬರುತ್ತಿದ್ದರೆ ಕಾಯುವ ಪ್ರಶ್ನೆಯೇ ಇಲ್ಲ. ಮನೋವೈದ್ಯರನ್ನು ಕಾಣಬೇಕು, ಅಥವಾ ಕನ್ನಡದಲ್ಲೂ ಮಾತನಾಡಬಹುದಾದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬೇಕು. ವ್ಯಾಯಾಮ ಶುರುವಾಯಿತೆಂದು ಮಾತ್ರೆಯನ್ನು ತಾವಾಗಿಯೇ ನಿಲ್ಲಿಸುವುದು ನಮ್ಮಲ್ಲಿ ಸಾಮಾನ್ಯ, ಅಪಾಯಕಾರಿ ಕೂಡ.

ಮಾತ್ರೆ ತೆಗೆದುಕೊಳ್ಳುತ್ತಿರುವವರು ಎರಡು ವಿಷಯ ತಿಳಿದಿರಬೇಕು. ಮನಸ್ಥಿತಿಯ ಅತಿಯಾದ ಏರಿಳಿತಕ್ಕೆ ಕೊಡುವ ಲಿಥಿಯಂ ಸೇವಿಸುವವರು ಬೇಸಿಗೆಯಲ್ಲಿ ಬೆವರಿಳಿಸಿ ನೀರು ಕುಡಿಯದಿದ್ದರೆ ರಕ್ತದಲ್ಲಿ ಅದರ ಪ್ರಮಾಣ ಅಪಾಯದ ಮಟ್ಟಕ್ಕೆ ಏರಬಹುದು. ಆತಂಕಕ್ಕೆಂದು ಪ್ರೊಪ್ರನೊಲಾಲ್ ಸೇವಿಸುವವರ ಎದೆಬಡಿತ ಎಷ್ಟು ಶ್ರಮಪಟ್ಟರೂ ಹೆಚ್ಚು ಏರುವುದಿಲ್ಲವಾದ್ದರಿಂದ, ಕೈಗಡಿಯಾರ ತೋರಿಸುವ ಅಂಕಿಯನ್ನು ನಂಬಿ ವೇಗ ಹೆಚ್ಚಿಸಬಾರದು. ಮಾತು ಮತ್ತು ಹಾಡಿನ ಪರೀಕ್ಷೆಯೇ ಅವರಿಗೆ ಸರಿ.

ಲಕ್ಷಣಕ್ಕೆ ತಕ್ಕ ಆಯ್ಕೆ

ಹಾಸಿಗೆಯಿಂದ ಏಳಲೂ ಮನಸ್ಸಾಗದ ಖಿನ್ನತೆಯಲ್ಲಿ, ಜೊತೆಗೆ ಒಬ್ಬರನ್ನು ಕರೆದುಕೊಂಡು ಹತ್ತು ನಿಮಿಷದ ನಡಿಗೆ. ವೇಗದ ಮಾತು ಎರಡು ವಾರಗಳ ನಂತರ. ಸದಾ ಚಿಂತೆ, ಬಿಗಿದ ಭುಜ, ಮೇಲುಸಿರು ಇರುವವರಿಗೆ ಯೋಗ ಮತ್ತು ನಿಧಾನ ಉಸಿರಾಟ. ಸ್ವಲ್ಪ ಹಿಡಿತ ಬಂದ ಮೇಲೆ ಬಿರುಸಿನ ವ್ಯಾಯಾಮ. ಹಳೆಯ ಮಾತುಗಳನ್ನೇ ಮೆಲುಕು ಹಾಕುತ್ತಾ ಕೂರುವವರಿಗೆ ಗಮನವನ್ನು ಪೂರ್ತಿ ಸೆಳೆಯುವ ಆಟ, ಏಕೆಂದರೆ ಷಟಲ್ ಮೇಲಿಂದ ಬರುತ್ತಿರುವಾಗ ಬೇರೆ ಯೋಚನೆಗೆ ಎಡೆಯಿರುವುದಿಲ್ಲ. ಆತ್ಮವಿಶ್ವಾಸ ಕುಸಿದವರಿಗೆ ಭಾರ ಎತ್ತುವುದು ಸೂಕ್ತ, ಏಕೆಂದರೆ ಕಳೆದ ತಿಂಗಳು ಐದು ಕಿಲೋ, ಈ ತಿಂಗಳು ಏಳು ಕಿಲೋ ಎಂಬುದು ಮನಸ್ಸು ಅಲ್ಲಗಳೆಯಲಾಗದ ಪುರಾವೆ. ನಿದ್ರೆ ಬಾರದವರು ಯಾವುದನ್ನಾದರೂ ಮಾಡಬಹುದು, ಮಲಗುವ ಮುಂಚಿನ ಒಂದು ಗಂಟೆಯಲ್ಲಿ ಏದುಸಿರು ಬರುವಂಥದ್ದನ್ನು ಬಿಟ್ಟು.

ಆರಿಸಿಕೊಂಡದ್ದಕ್ಕೆ ಎಂಟರಿಂದ ಹನ್ನೆರಡು ವಾರಗಳ ಅವಕಾಶ ಕೊಡಬೇಕು. ಅಷ್ಟರೊಳಗೆ ಪದೇ ಪದೇ ತಪ್ಪಿಹೋಗುತ್ತಿದ್ದರೆ ವ್ಯಾಯಾಮವನ್ನು ಬದಲಿಸುವ ಮುನ್ನ ಹೊತ್ತನ್ನು, ಜಾಗವನ್ನು, ಜೊತೆಯನ್ನು ಬದಲಿಸಿ ನೋಡಬೇಕು. ಬೆಳಗಿನ ಜಿಮ್ ಆಗದವರಿಗೆ ಸಂಜೆಯ ಜಿಮ್ ಆಗುವುದುಂಟು. ಕರಾವಳಿ ಮತ್ತು ಮಲೆನಾಡಿನವರು ಜೂನ್ ಬರುವ ಮೊದಲೇ ಮಳೆಗಾಲದ ಬದಲಿಯನ್ನು ಗೊತ್ತುಮಾಡಿಕೊಂಡಿರಬೇಕು. ಬೇಸಿಗೆಯಲ್ಲಿ ಶುರುವಾದ ನಡಿಗೆ ಜಡಿಮಳೆಯ ಮೊದಲ ವಾರದಲ್ಲಿ ನಿಂತರೆ ಸೆಪ್ಟೆಂಬರಿನವರೆಗೆ ಮತ್ತೆ ಶುರುವಾಗುವುದಿಲ್ಲ. ಆ ಮೂರು ತಿಂಗಳು ಜಗಲಿಯಲ್ಲಿ ಸೂರ್ಯನಮಸ್ಕಾರ, ದಂಡ, ಬಸ್ಕಿ ಅಥವಾ ಮನೆಯ ಮೆಟ್ಟಿಲು ಹತ್ತಿ ಇಳಿಯುವುದು ಸಾಕಾಗುತ್ತದೆ.